ಹೊಸ್ತಿಲಿನ ಜಾಗದಲ್ಲಿ ಲಿಫ್ಟು

ಬಂಟ್ವಾಳದ ಆ ಏಳು ಮಹಡಿಯ ಕಟ್ಟಡದ ಆರನೆಯದರಲ್ಲಿ ಒಂದು ಕಚೇರಿಯ ಒಳಾಂಗಣ ವಿನ್ಯಾಸ ಮಾಡಿಕೊಡಿ ಎಂದು ಕೇಳಿಕೊಂಡು ಬಂದಾಗಲೇ ನಾನು ಆಗುವುದಿಲ್ಲ ಎನ್ನಬೇಕಿತ್ತು. ಆ ಕಟ್ಟಡ ಎದ್ದಿರುವುದು ನಾವು ಮಾರಿದ ಮನೆಯ ಜಾಗದಲ್ಲಿ. ಆದರೆ ಕೆಲಸ ಒಳ್ಳೆಯದಿತ್ತು, ನನಗೂ ಹಟ. ಕೆಳಗಿನ ಮಣ್ಣಿಗೂ ಆರನೇ ಮಹಡಿಗೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿದೆ.

ಮಾಲೀಕರು ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದವರು. ಹೊರದೇಶಕ್ಕೆ ಹೋಗುವವರಿಗೆ ವೀಸಾ, ಟಿಕೆಟ್ ಮಾಡಿಕೊಡುವ ಕಚೇರಿ ಅವರದು. "ಬಂದವರಿಗೆ ಹೆದರಿಕೆ ಆಗ್ಬಾರದು ಮೇಡಂ. ನೆಂಟರ ಮನೆಗೆ ಬಂದ ಹಾಗೆ ಇರ್ಬೇಕು" ಎಂದರು. ಎಲ್ಲ ಮಾಲೀಕರೂ ಹೇಳುವುದು ಇದನ್ನೇ. ಹೇಳಿ ಮುಗಿಸಿ, ಮೊಬೈಲಿನಲ್ಲಿ ದುಬೈಯ ಯಾವುದೋ ಹೋಟೆಲಿನ ಫೋಟೋ ತೋರಿಸುತ್ತಾರೆ. ಇವರೂ ತೋರಿಸಿದರು. ನಾನು ನೋಡಿದ ಹಾಗೆ ಮಾಡಿ ನನ್ನ ದಾರಿ ಹಿಡಿದೆ. ಎದೆಮಟ್ಟ ಇರಬೇಕಿದ್ದ ಕೌಂಟರನ್ನು ಮೇಜಿನ ಎತ್ತರಕ್ಕೆ ಇಳಿಸಿದೆ. ನೆಲಕ್ಕೆ ಕಾವಿ ಬಣ್ಣದ ಟೈಲ್ಸ್. ನೇತ್ರಾವತಿ ಕಾಣುವ ಕಿಟಕಿಯ ಕೆಳಗೆ ಉದ್ದದ ಮರದ ಬೆಂಚು. ಕಾಫಿ ಯಂತ್ರ ಇಡುತ್ತೇವೆಂದವರ ಬಾಯಿ ಮುಚ್ಚಿಸಿ, ಆ ಜಾಗದಲ್ಲಿ ಬೆಲ್ಲ ಮತ್ತು ನೀರು ಇಡಿಸಿದೆ.

ಕೆಲಸ ಮುಗಿಯುತ್ತ ಬಂದಂತೆ ಒಂದು ವಿಚಿತ್ರ ಶುರುವಾಯಿತು. ಆ ಬೆಂಚಿನಲ್ಲಿ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು. ನಾನು ಟೇಪು ಹಿಡಿದು ಗೋಡೆ ಅಳೆಯುವಾಗ, ಸರಿಯಾಗಿ ಬೆನ್ನ ಹಿಂದೆ. ತಿರುಗಿದರೆ ಖಾಲಿ. ಬಡಗಿಗಳು ಊಟಕ್ಕೆ ಇಳಿದರೆ ನಾನೂ ಅವರ ಹಿಂದೆಯೇ ಇಳಿಯತೊಡಗಿದೆ.

ಅಮ್ಮನಿಗೆ ಹೇಳಬಾರದಿತ್ತು. ಈಗ ನಾವಿಬ್ಬರೂ ಇರುವುದು ಮೂಡುಬಿದಿರೆಯಲ್ಲಿ. ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದಳು.

"ಅವಳು ಅಲ್ಲೇ ಇದ್ದಾಳಲ್ಲ ಮತ್ತೆ. ನಾವು ಕರ್ಕೊಂಡು ಬರ್ಲೇ ಇಲ್ಲ."

ಅವಳು ಎಂದರೆ ನನ್ನ ಅಕ್ಕ. ಕಾಲೇಜಿಗೆ ಹೋಗುತ್ತಿದ್ದವಳು, ಒಂದು ಜ್ವರದಲ್ಲಿ ತೀರಿಹೋದಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮಲ್ಲಿ ಸತ್ತವರನ್ನು ಕಳಿಸಿಕೊಟ್ಟು ಸುಮ್ಮನಾಗುವುದಿಲ್ಲ, ಉತ್ತರಕ್ರಿಯೆಯ ದಿನ ಒಳಗೆ ಕರೆಯುತ್ತೇವೆ. ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ತುಳುವಿನಲ್ಲಿ 'ಉಲಾಯಿ ಬಲ' ಅನ್ನುತ್ತಾರೆ, ಒಳಗೆ ಬಾ ಎಂದು. ಹಾಗೆ ಬಂದವರು ಮನೆಯವರಾಗಿಯೇ ಉಳಿಯುತ್ತಾರೆ, ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೂ ಎಲೆ ಹಾಕಿ ಬಡಿಸುತ್ತೇವೆ. ಅಕ್ಕನನ್ನು ಅಮ್ಮ ಕರೆದದ್ದು ಬಂಟ್ವಾಳದ ಮನೆಯ ಹೊಸ್ತಿಲಲ್ಲಿ. ಮನೆ ಮಾರಿ ಹೊರಡುವ ಗಡಿಬಿಡಿಯಲ್ಲಿ ಅವಳಿಗೆ ಒಂದು ಮಾತು ಹೇಳಲಿಲ್ಲ. ಮೂಡುಬಿದಿರೆಯಲ್ಲಿ ಪ್ರತಿ ಆಟಿಗೂ ಅಮ್ಮ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂತು, ಮತ್ತೆ ಬಾಗಿಲು ತೆರೆದು ಎಲೆಯನ್ನೇ ನೋಡುತ್ತ "ಮುಟ್ಟಿದ ಹಾಗಿಲ್ಲ" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಕಚೇರಿ ಶುರುವಾದ ವಾರವೇ ಅಮ್ಮ ಹಟ ಹಿಡಿದು ನನ್ನ ಜೊತೆ ಬಂದಳು. ಆರನೇ ಮಹಡಿ ಬೇಡವಂತೆ, ಹೊಸ್ತಿಲು ಇದ್ದ ಜಾಗ ಬೇಕಂತೆ. ಕೆಳಗೆಲ್ಲ ಕಾರು ನಿಲ್ಲಿಸುವ ಜಾಗ. ಪಕ್ಕದವರ ಬಾವಿಕಟ್ಟೆ ಮಾತ್ರ ಹಿಂದಿನ ಹಾಗೇ ಇತ್ತು. ನಮ್ಮ ಹೊಸ್ತಿಲು ಅದಕ್ಕೆ ನೇರ ಎದುರು. ಅಮ್ಮ ಬಾವಿಗೆ ಬೆನ್ನು ಹಾಕಿ, ಕಾರುಗಳ ನಡುವೆ ನೆಟ್ಟಗೆ ನಡೆದು ಲಿಫ್ಟಿನ ಮುಂದೆ ನಿಂತಳು.

"ಇಲ್ಲೇ," ಎಂದಳು.

ಲಿಫ್ಟು ಬಂದು ಬಾಗಿಲು ತೆರೆಯಿತು. ಇಬ್ಬರು ಇಳಿದು ಹೋದರು. ಅಮ್ಮ ಸೆರಗು ಸರಿಮಾಡಿಕೊಂಡು ಆ ಖಾಲಿ ಲಿಫ್ಟಿಗೆ ಅಕ್ಕನ ಹೆಸರು ಹಿಡಿದು ತುಳುವಿನಲ್ಲಿ ಕರೆದಳು. ಬಾ ಮಗಾ, ಮನೆಗೆ ಹೋಗುವ, ನಾವೀಗ ಬೇರೆ ಕಡೆ ಇದ್ದೇವೆ ಎಂದು, ಬಸ್ಸಿಗೆ ಹೊತ್ತಾಯಿತು ಎನ್ನುವ ಹಾಗೆ ಸಾದಾ ಧ್ವನಿಯಲ್ಲಿ. ವಾಚ್‌ಮನ್ ನಮ್ಮನ್ನೇ ನೋಡುತ್ತಿದ್ದ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಮೇಲೆ ಯಾರೋ ಗುಂಡಿ ಒತ್ತಿರಬೇಕು, ಲಿಫ್ಟು ಹೊರಟಿತು. ಕೆಂಪು ಅಂಕಿ ಏರುತ್ತ ಹೋಗಿ ಆರರಲ್ಲಿ ನಿಂತಿತು.

"ಮೇಲೆ ಹೋದಳು," ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. "ನೀನು ಮಾಡಿದ್ದು ನೋಡ್ಲಿಕ್ಕೆ ಹೋದದ್ದು. ನೋಡಿ ಬರ್ಲಿ. ಕಾಯುವ."

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆಗಲೂ ಇರಲಿಲ್ಲ. ಆದರೆ ಮೇಲಿನ ಬೀಗ ನೆನಪಾಯಿತು. ಕಚೇರಿ ಶುರುವಾಗುವ ಹಿಂದಿನ ದಿನ ಮಾಲೀಕರು ನನ್ನನ್ನು ಕೇಳದೆ ಮುಂಬಾಗಿಲ ಗಾಜಿಗೆ ಹೊಸ ಬೀಗ ಹಾಕಿಸಿದ್ದರು. ಒಂದೋ ಕಾರ್ಡು ಇರಬೇಕು, ಇಲ್ಲವೇ ಒಳಗಿನ ಹುಡುಗಿ ಬಂದವರ ಮುಖ ನೋಡಿ ಗುಂಡಿ ಒತ್ತಬೇಕು. ಕಣ್ಣಿಗೆ ಕಾಣದವರಿಗೆ ಯಾರು ಒತ್ತುತ್ತಾರೆ?

ನಾನು ಮೆಟ್ಟಿಲಿನಲ್ಲಿ ಓಡಿದೆ. ಚಪ್ಪಲಿ ಜಾರಿತು, ಬಿಟ್ಟು ಓಡಿದೆ. ಮೇಲೆ ಮುಟ್ಟುವಾಗ ಉಸಿರೇ ಇರಲಿಲ್ಲ. ಲಿಫ್ಟಿನ ಎದುರು ಯಾರೂ ಇಲ್ಲ. ಮಾಲೀಕರು ನನಗೂ ಕೊಟ್ಟಿದ್ದ ಕಾರ್ಡು ಹಿಡಿದು ಗಾಜಿನ ಬಾಗಿಲು ತೆರೆದು, ಅದು ಮತ್ತೆ ಮುಚ್ಚಿಕೊಳ್ಳದ ಹಾಗೆ ಬೆನ್ನು ಕೊಟ್ಟು ನಿಂತೆ.

ಕೌಂಟರಿನ ಹುಡುಗಿ ಗಾಬರಿಯಾಗಿ ಎದ್ದಳು. "ಯಾರಾದ್ರೂ ಬರ್ಲಿಕ್ಕೆ ಉಂಟಾ ಮೇಡಂ?"

"ನನ್ನ ಅಕ್ಕ," ಎಂದೆ. "ಸ್ವಲ್ಪ ಹೊತ್ತು ಬಾಗಿಲು ಹೀಗೇ ಇರ್ಲಿ."