ಫ್ರಿಜ್ ಪಕ್ಕದ ದೊರೆ

ದೊರೆ ಊಟ ಬಿಟ್ಟು ಒಂಬತ್ತು ದಿನವಾಗಿತ್ತು. ದೊರೆ ಅಂದರೆ ಆಕ್ಸೊಲಾಟಲ್: ಜೀವನವಿಡೀ ನೀರಿನಲ್ಲೇ ಇರುವ, ಗೇಣುದ್ದದ, ತಲೆಯ ಎರಡೂ ಬದಿಗೆ ಗರಿಯಂತೆ ಕಿವಿರು ಹರಡಿಕೊಂಡ ಪ್ರಾಣಿ. ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ ಮನೆಯಾಕೆ ನಿವೃತ್ತಿಯ ದಿನ ಅದನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬಂದಿದ್ದಳು. ತುತ್ತನ್ನು ಬಾಯಿಯ ಹತ್ತಿರ ಹಿಡಿಯುವ ತನಕ ಮಿಸುಕಾಡುವುದಿಲ್ಲ. ಅದಕ್ಕೇ ಆ ಹೆಸರು.

ಗಂಡ ಫ್ರಿಜ್ ಮೆಕ್ಯಾನಿಕ್. ಮೂವತ್ತೊಂದು ವರ್ಷದ ಕಸುಬು. ಕಂಪ್ರೆಸರ್ ಸದ್ದು ಕೇಳಿಯೇ ಅದಕ್ಕಿನ್ನೆಷ್ಟು ಆಯಸ್ಸು ಅಂತ ಹೇಳುತ್ತಾನೆ. ಮಾತು ಕಡಿಮೆ. ಆದರೆ ಯಾವ ಮನೆಗೆ ಹೋದರೂ ಹೊರಡುವಾಗ ಒಂದು ಪಾಠ ತಪ್ಪಿಸುವುದಿಲ್ಲ: “ಒಳಗಿನ ಬಿಸೀನ ಇದು ಹೊರಗೆ ತಂದು ಬಿಸಾಕತ್ತೆ. ಅದಕ್ಕೇ ಮಗ್ಗುಲಲ್ಲಿ ಒಂದಿಷ್ಟು ಜಾಗ ಬಿಡಿ.”

ಈಗ ಅವನು ಚಿಮಟದಲ್ಲಿ ಎರೆಹುಳು ಹಿಡಿದು ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ದೊರೆ ಮುಖ ತಿರುಗಿಸಿತು.

“ಮದುವೆಯಾದ ಹೊಸದ್ರಲ್ಲಿ ನನ್ನ ಅಡುಗೆಗೆ ನೀವೂ ಹೀಗೇ ಮಾಡ್ತಿದ್ರಿ,” ಅಂದಳು ಹೆಂಡತಿ. ನಗಲು ನೋಡಿದಳು, ಆಗಲಿಲ್ಲ. “ರೀ, ಇದು ಉಳಿಯಲ್ವೇನೋ.”

ಅವನು ಪಶುವೈದ್ಯೆಗೆ ಫೋನ್ ಮಾಡಿದ. ಆಕೆ ಕೇಳಿದ್ದು ಒಂದೇ: “ನೀರು ಎಷ್ಟು ಡಿಗ್ರಿ ಇದೆ, ಯಜಮಾನ್ರೇ?”

“ತಣ್ಣಗೇ ಇದೆ ಡಾಕ್ಟ್ರೇ, ಫ್ರಿಜ್ ಪಕ್ಕದಲ್ಲೇ ಇಟ್ಟಿದೀನಿ.” ಹೇಳಿದ್ದು ತನ್ನದೇ ಕಿವಿಗೆ ಬಿದ್ದ ಮೇಲೆ ಫ್ರಿಜ್ಜಿನ ಕಡೆ ತಿರುಗಿ ನೋಡಿದ.

ಕೆಲಸದ ಚೀಲದಿಂದ ಥರ್ಮಾಮೀಟರ್ ತೆಗೆದು ನೀರಿಗಿಳಿಸಿದ. ಇಪ್ಪತ್ತಾರು. ಇರಬೇಕಾದದ್ದು ಹದಿನೆಂಟು. ಮುಂದಿನ ಕೋಣೆಗೆ ಬಿಸಿಲು ಬೀಳುತ್ತದೆಂದು ತಿಂಗಳ ಹಿಂದೆ ತೊಟ್ಟಿಯನ್ನು ತಂದು ಫ್ರಿಜ್ಜಿಗೆ ಅಂಟಿಸಿ ಇಟ್ಟವನು ಅವನೇ. ಫ್ರಿಜ್ಜಿನ ಮಗ್ಗುಲು ಮುಟ್ಟಿದ. ಆಗತಾನೇ ಇಸ್ತ್ರಿ ಮಾಡಿದ ಅಂಗಿಯಷ್ಟು ಬಿಸಿ.

“ಊರಿಗೆಲ್ಲ ಪಾಠ ಹೇಳಿದ್ರಿ, ನಮ್ಮನೆ ಒಂದನ್ನ ಬಿಟ್ಟು!”

“ಬೈಯೋದು ಆಮೇಲೆ. ಆ ತುದಿ ಹಿಡ್ಕೋ.”

ಅರ್ಧ ನೀರು ಖಾಲಿ ಮಾಡಿ, ತೊಟ್ಟಿಯನ್ನು ಹಿಂದಿನ ಕತ್ತಲೆ ಕೋಣೆಯ ನೆಲಕ್ಕೆ ಸಾಗಿಸಿದರು. ಫ್ರೀಜರಿನಲ್ಲಿ ನೀರಿನ ಬಾಟಲಿಗಳು ಗಡ್ಡೆಕಟ್ಟಿದವು. ತೊಟ್ಟಿಯಲ್ಲಿ ಒಂದು ಕರಗಿದರೆ ಇನ್ನೊಂದು ತೇಲಿತು. ದಿನಕ್ಕೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ, ಥಟ್ಟನೆ ತಣ್ಣಗಾದರೂ ಅಪಾಯ ಎಂದು ವೈದ್ಯೆ ಎಚ್ಚರಿಸಿದ್ದರು. ನಾಲ್ಕು ದಿನ ಅವನು ಎರಡು ರಿಪೇರಿಗಳ ನಡುವೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಡಿಗ್ರಿ ನೋಡಿ ಹೋದ. ಆ ವಾರ ಗಿರಾಕಿಗಳಿಗೆ ಪಾಠ ಹೇಳುವಾಗ ಅವನ ದನಿ ಕೊಂಚ ತಗ್ಗಿತ್ತು.

ಐದನೆಯ ಬೆಳಿಗ್ಗೆ ಚಿಮಟ ಹಿಡಿದವಳು ಹೆಂಡತಿ. ಹುಳು ಒಮ್ಮೆ ನುಲಿಯಿತು. ದೊರೆ ಗಬಕ್ಕನೆ ಬಾಯಿ ಹಾಕಿತು, ಚಿಮಟವೇ ಕೈಜಾರುವುದರಲ್ಲಿತ್ತು.

“ಇನ್ನೊಂದು ಕೊಡೇ.”

“ಅವಸರ ಮಾಡ್ಬೇಡಿ. ಮೊದಲು ನುಂಗ್ಲಿ.”

ಅಷ್ಟರಲ್ಲಿ ಗಿರಾಕಿಯ ಫೋನು ಬಂತು. ಅವನು ತೊಟ್ಟಿಯಿಂದ ಕಣ್ಣು ಕೀಳದೆ, ಮೆಲುದನಿಯಲ್ಲಿ ಹೇಳಿದ: “ಸ್ವಲ್ಪ ತಡವಾಗುತ್ತೆ ಮೇಡಂ. ಮನೇಲೊಬ್ಬರಿಗೆ ಹುಷಾರಿರಲಿಲ್ಲ. ಈಗ ಊಟ ಮಾಡ್ತಿದಾರೆ.”