ನಡುವೆ ತುಂಡಾದ ತಂತಿ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಟ್ಯಾಂಕರಿನಿಂದ ಸಕ್ಕರೆ ಪುಡಿಯನ್ನು ಗಾಳಿಯ ರಭಸದಲ್ಲಿ ತೊಟ್ಟಿಗೆ ಸಾಗಿಸುವ ದಪ್ಪ ರಬ್ಬರ್ ಪೈಪಿನೊಳಗೆ ತಾಮ್ರದ ತಂತಿಯೊಂದಿರುತ್ತದೆ. ಪುಡಿ ಉಜ್ಜಿ ಉಜ್ಜಿ ಹುಟ್ಟುವ ವಿದ್ಯುತ್ತು ಅದರ ಮೂಲಕವೇ ನೆಲಕ್ಕಿಳಿಯಬೇಕು. ತಂತಿಯ ಎರಡೂ ತುದಿ ಬಿಗಿಯಾಗಿವೆಯೇ ಎಂದು ನೋಡದೆ ಅವಳು ಯಂತ್ರ ಚಾಲೂ ಮಾಡಲು ಬಿಡುತ್ತಿರಲಿಲ್ಲ.

ಆ ಮಧ್ಯಾಹ್ನ ತುದಿಗಳು ಬಿಗಿಯಾಗಿಯೇ ಇದ್ದವು. ಆದರೂ ಪುಡಿ ಹರಿಯತೊಡಗಿದ ಸ್ವಲ್ಪ ಹೊತ್ತಿಗೆ ಅವಳ ತೋಳಿನ ರೋಮಗಳು ಎದ್ದು ನಿಂತವು. ಗಾಳಿಯೇ ಇಲ್ಲದಿದ್ದರೂ ತಲೆಗೆ ಕಟ್ಟಿದ ಬಟ್ಟೆಯ ತುದಿ ತಾನಾಗಿ ಪೈಪಿನತ್ತ ವಾಲಿತು. ಒಳಗೆ ಯಾರೋ ಉಗುರಿನಿಂದ ತಟ್ಟುತ್ತಿರುವಂತೆ ಟಿಕ್, ಟಿಕ್ ಎಂಬ ಸದ್ದು.

ಅವಳು ಯಂತ್ರ ನಿಲ್ಲಿಸಿದಳು.

"ಯಾಕಕ್ಕಾ, ದೆವ್ವಗಿವ್ವ ಕಂಡ್ತಾ?" ಟ್ಯಾಂಕರ್ ಚಾಲಕ ನಗುತ್ತ ಪೈಪಿಗೆ ಕೈ ಚಾಚಿದ.

"ಮುಟ್ಬೇಡಪ್ಪ. ಮೆಲ್ಲಗೆ ಹಿಂದಕ್ಕೆ ಬಾ."

ಪುಡಿ ನಿಂತು ಎಲ್ಲವೂ ಸ್ತಬ್ಧವಾಗಿತ್ತು. ಆ ಮೌನದಲ್ಲಿ ಪೈಪು ಮತ್ತೊಮ್ಮೆ ಟಿಕ್ ಎಂದಿತು. ಚಾಲಕನ ನಗು ಮುಖದಲ್ಲೇ ಹೆಪ್ಪುಗಟ್ಟಿತು.

ಪೈಪಿನಲ್ಲಿ ಉಳಿದ ವಿದ್ಯುತ್ತು ಇಳಿಯಲೆಂದು ಬಹಳ ಹೊತ್ತು ಕಾದು, ಪೈಪು ಬಿಚ್ಚಿ ಸೀಳಿ ನೋಡಿದರು. ತಂತಿ ನಟ್ಟನಡುವೆ ತುಂಡಾಗಿತ್ತು. ಆ ಸಣ್ಣ ಸಂದಿನಲ್ಲಿ ಕಿಡಿ ಹಾರಿ ಹಾರಿ ಸಕ್ಕರೆ ಕರಕಲಾಗಿ ಅಂಟಿಕೊಂಡಿತ್ತು. ಗಾಳಿಯಲ್ಲಿ ಹಾರುವ ಪುಡಿಯೆಲ್ಲ ಸಿಡಿಮದ್ದಿನಂತೆ ಹೊತ್ತಿಕೊಂಡಿದ್ದರೆ ಗೋಡೆಗಳೂ ಉಳಿಯುತ್ತಿರಲಿಲ್ಲ. ಮುಂದೆ ಬರೀ ತುದಿ ನೋಡುವುದು ಸಾಲದೆಂದು, ತಂತಿ ಉದ್ದಕ್ಕೂ ಇಡಿಯಾಗಿದೆಯೇ ಎಂದು ಮೀಟರ್ ಹಿಡಿದು ನೋಡುವ ನಿಯಮವೇ ಆಯಿತು.

ಅಂದು ಸಂಜೆ ಮನೆಯಲ್ಲಿ ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲಿಲ್ಲ.

"ಯಾಕೇ?" ಎಂದ ಗಂಡ.

"ಸುಟ್ಟ ವಾಸನೆ ಇನ್ನೂ ಮೂಗಲ್ಲೇ ಇದೆ ರೀ," ಎಂದಳು.