ರಾಯಿಕೋಡಿನ ಹುಡುಗಿ

ಹೋದ ವಾರ ತೊಗರಿಬೇಳೆ ಕೇರಲೆಂದು ಮೊರ ಎತ್ತಿಕೊಂಡೆ. ಹೊಟ್ಟಿನ ಧೂಳು ಮೂಗಿಗೆ ಅಡರಿದ್ದೇ ತಡ, ತಾಂಡೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಿ ಎದುರಿಗೆ ಬಂದು ಕೂತಂತಾಯಿತು...

ಎಪ್ಪತ್ತರ ದಶಕದ ಮಾತು. ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ ಎಂದು ಮೂರರಲ್ಲೂ ಹರಟುತ್ತಿದ್ದ ವಾಚಾಳಿ ಹುಡುಗಿ ನಾನು. ಕಾಕಿಗೆ ಮಕ್ಕಳಿರಲಿಲ್ಲ. ಮಧ್ಯಾಹ್ನ ಆಕೆಯ ಮನೆ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಾ ಇಬ್ಬರೂ ಒಂದು ಆಟ ಆಡುತ್ತಿದ್ದೆವು. ಇಲ್ಲದ ಹುಡುಗಿಯೊಬ್ಬಳನ್ನು ಮಾತಿನಲ್ಲೇ ಬೆಳೆಸುವ ಆಟ. ಆಕೆ ಕಾಕಿಯ ಮಗಳಂತೆ, ನನಗಿಂತ ತುಸು ದೊಡ್ಡವಳಂತೆ, ರಾಯಿಕೋಡಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಳಂತೆ. ಶುರುವಿಗೆ ಇಷ್ಟೇ ಇತ್ತು.

ಆಟದ ಕಾನೂನು ಬಹಳ ಬಿಗಿ. ಆ ಹುಡುಗಿಗೆ ಏನನ್ನೂ ಪುಕ್ಕಟೆ ಕೊಡುವಂತಿಲ್ಲ. ಅವಸರಗೇಡಿಯಾದ ನಾನು ಒಂದೇ ದಿನಕ್ಕೆ ಆಕೆಗೆ ರೊಟ್ಟಿ ಬಡಿಯುವುದನ್ನು ಕಲಿಸಹೊರಟೆ.

"ಹಂಗ ಹೆಂಗ ಬರ್ತದವ್ವಾ? ಮೊದ್ಲ ಕೈ ಸುಟ್ಕೋಬೇಕು," ಎಂದಳು ಕಾಕಿ.

ಸರಿ, ಹುಡುಗಿ ಕೈ ಸುಟ್ಟುಕೊಂಡಳು. ಸೊಟ್ಟ ರೊಟ್ಟಿ ಮಾಡಿ ಅಜ್ಜಿಯಿಂದ ಬೈಸಿಕೊಂಡಳು. ಕೊನೆಗೊಂದು ಮಧ್ಯಾಹ್ನ ದುಂಡಗಿನ ರೊಟ್ಟಿ ಹರಿಯದಂತೆ ಎತ್ತಿ ಹೆಂಚಿಗೆ ಹಾಕಿದಳು. ಅಂದು ನಮಗಾದ ಖುಷಿ ಅಷ್ಟಿಷ್ಟಲ್ಲ! ಬಾವಿಯ ನೀರು ಕುಡಿದು ಈಜು ಕಲಿತಳು, ಬೆರಳು ಚುಚ್ಚಿಸಿಕೊಂಡು ಹೊಲಿಗೆ ಕಲಿತಳು... ವರ್ಷ ಕಳೆಯುವಷ್ಟರಲ್ಲಿ ನನಗಿಂತ ಹುಷಾರಾಗಿಬಿಟ್ಟಳು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಕಟ್ಟೆಯ ಮೇಲಿನ ಮಾತು ಹಾದಿಹೋಕರ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಧಾರೂರಿನ ಹಿರಿಯರೊಬ್ಬರು ಕಾಕಿಯ ಮನೆ ಹುಡುಕಿಕೊಂಡು ಬಂದು ಕಟ್ಟೆಯ ಮೇಲೆ ಕೂತರು.

"ನಿಮ್ ಮಗಳು ಭಾಳ ಹುಷಾರ್ ಅಂತ ಕೇಳೀನ್ರಿ. ನಮ್ ಮೊಮ್ಮಗಗ ಕೇಳಾಕ ಬಂದೀನಿ."

ಕಾಕಾ ಹೊಲಕ್ಕೆ ಹೋಗಿದ್ದ. ಕಾಕಿ ನಕ್ಕು, ಇದೆಲ್ಲ ಆಟ ಎಂದುಬಿಡುತ್ತಾಳೆಂದು ಕಾದೆ. ಆಕೆ ಹಾಗೆನ್ನಲೇ ಇಲ್ಲ! ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ನಿಂತು, ಹುಡುಗ ಕುಡಿಯುತ್ತಾನೇನು, ನೀರಿಗೆ ಎಷ್ಟು ದೂರ ಹೋಗಬೇಕು, ಅತ್ತೆಯ ಬಾಯಿ ಹೇಗೆ ಎಂದು ಒಂದೊಂದೇ ವಿಚಾರಿಸಿದಳು.

ಕೊನೆಗೆ, "ಹುಡುಗಿ ಇನ್ನಾ ಸಣ್ಣಾಕಿ ಅದಾಳ್ರಿ. ಈಗ ಕೊಡಂಗಿಲ್ರಿ," ಎಂದಳು.

ಹಿರಿಯರು ಚಹಾ ಕುಡಿದು ಎದ್ದರು. ಅವರು ಓಣಿ ದಾಟಿದ್ದೇ ನಾನು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ಕಾಕಿ ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದಳು. ಆಕೆಯ ಕಣ್ತುಂಬ ನೀರು.

"ನಗಬ್ಯಾಡ. ಹ್ಞೂಂ ಅಂದಿದ್ರ ನನ್ ಕೂಸು ಹೋಗೇಬಿಡ್ತಿತ್ತು."

ಇದು ಆಟವೆಂಬುದನ್ನು ಕಾಕಿ ಯಾವಾಗ ಮರೆತಳೋ, ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತೇ ಆಗಿರಲಿಲ್ಲ... ಮರುದಿನದಿಂದ ಆ ಹುಡುಗಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಬರೀ ತೊಗರಿ ಹಸನು ಮಾಡಿದೆವು.

ನಿನ್ನೆ ತಾಂಡೂರಿನಿಂದ ತಮ್ಮನ ಫೋನು ಬಂತು. ಕಾಕಿ ತೀರಿಹೋದಳಂತೆ. ಮಣ್ಣೂ ಆಯಿತಂತೆ. ದುಃಖ ಒತ್ತರಿಸಿ ಬಂತು. ಏನು ಕೇಳುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ ಕೇಳಿಬಿಟ್ಟೆ.

"ಮಗಳಿಗಿ ಹೇಳಿ ಕಳಿಸಿದ್ರೇನೋ?"

"ಯಾವ ಮಗಳಕ್ಕಾ?" ಎಂದ ತಮ್ಮ.

ಆ ಹುಡುಗಿಯನ್ನು ಬಲ್ಲವಳು ಈಗ ನಾನೊಬ್ಬಳೇ.